ಮುಚ್ಚಳ ತೆರೆದು ಕಲಿಯುವ ವಿದ್ಯೆ

ನಮ್ಮ ಹೋಟೆಲುಗಳಲ್ಲಿ ದುಡಿಯುವ ತರುಣರಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು ಅನೇಕರಿರುವರು. ಕಂಪ್ಯೂಟರ್ ಕಲಿತರೆ ಗುಮಾಸ್ತೆಯ ಕೆಲಸವಾದರೂ ದೊರೆತೀತೆಂದು ಸಂಬಳದ ಹಣವನ್ನು ತರಬೇತಿ ಅಂಗಡಿಗಳಿಗೆ ತೆತ್ತು, ಮೂರು ತಿಂಗಳ ತರುವಾಯ ಬಣ್ಣದ ಪ್ರಮಾಣಪತ್ರವೊಂದನ್ನು ಹಿಡಿದು ಬರುತ್ತಾರೆ. ಯಂತ್ರ ಕೆಟ್ಟು ನಿಂತರೆ ಅದರ ಮುಚ್ಚಳ ತೆರೆಯುವ ಧೈರ್ಯ ಮಾತ್ರ ಬಂದಿರುವುದಿಲ್ಲ.

ಗ್ರೈಂಡರಿನ ಬೆಲ್ಟನ್ನು ತಾನೇ ಬದಲಾಯಿಸಬಲ್ಲ ಹುಡುಗನಿಗೆ ಈ ಭಯವೇಕೆ? ಪೆಟ್ಟಿಗೆಯೊಳಗಿರುವ ಮುಖ್ಯ ಭಾಗಗಳು ಏಳೆಂಟು ಮಾತ್ರ. ಹಾರ್ಡ್ ಡಿಸ್ಕ್ ಎಂಬುದು ಉಗ್ರಾಣ. ಪ್ರೊಸೆಸರ್ ಅಡಿಗೆಯ ಭಟ್ಟರು. ರ್‍ಯಾಮ್ ಎಂಬುದು ನಾಲ್ಕು ಮೇಜಿನ ಆರ್ಡರನ್ನು ತಲೆಯಲ್ಲಿಟ್ಟುಕೊಂಡು ಬರುವ ಮಾಣಿಯಂತೆ, ವಿದ್ಯುತ್ತು ಹೋದೊಡನೆ ಎಲ್ಲವನ್ನೂ ಮರೆತುಬಿಡುತ್ತದೆ. ರ್‍ಯಾಮಿನ ಪಟ್ಟಿಯಲ್ಲಿ ಒಂದು ಕಚ್ಚು ಇರುವುದರಿಂದ ಅದು ತಿರುಗುಮುರುಗಾಗಿ ಕೂರಲಾರದು. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಮದರ್‌ಬೋರ್ಡಿನ ಗುರುತಿಗೆ ಸರಿಹೊಂದಿಸಿ, ಒತ್ತದೆ ಇಳಿಸಬೇಕು. ಕೆಲಸಕ್ಕೆ ಮೊದಲು ಪ್ಲಗ್ ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಬೇಕು. ಇಲ್ಲವಾದರೆ ಮೈಯಲ್ಲಿ ಶೇಖರವಾದ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಸುಟ್ಟೀತು. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಹೊಸಬರು ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಪರದೆ ಬೆಳಗದಿದ್ದಾಗ, ರ್‍ಯಾಮನ್ನು ತೆಗೆದು ಅದರ ಹೊನ್ನಿನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನಂಥ ಪೇಟೆಗಳಲ್ಲಿ ದುರಸ್ತಿಯವರಿಗೆ ಅನ್ನ ಕೊಡುವುದು ಇಂಥ ಕೈವಾಡಗಳೇ. ಕಿಸೆಯೊಳಗಿನ ಮೊಬೈಲಿನಿಂದ ಈ ವಿದ್ಯೆ ಬರಲಾರದು. ಅದನ್ನು ಅಂಟು ಹಾಕಿ ಮುಚ್ಚಿರುತ್ತಾರೆ.

ಕಾಲವೂ ಅನುಕೂಲವಾಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ವಿಂಡೋಸ್ 11ನ್ನು ಸ್ವೀಕರಿಸದ ಯಂತ್ರಗಳು ಕಚೇರಿಗಳ ಮೂಲೆ ಸೇರುತ್ತಿವೆ. ಅವುಗಳಲ್ಲಿ ಬಹುಪಾಲಿಗೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಓಡಬಲ್ಲವು. ಲಿನಕ್ಸಿಗೆ ಹಣ ತೆರಬೇಕಾಗಿಲ್ಲ, ಅದರಲ್ಲಿ ಕನ್ನಡವನ್ನೂ ಬರೆಯಬಹುದು. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಅಂಬೇಡ್ಕರ್ ಅವರ ಹೆಸರಿನ ಕೇಂದ್ರವೊಂದನ್ನು ನಡೆಸಿ, ದಾನವಾಗಿ ಬಂದ ಹಳೆಯ ಯಂತ್ರಗಳಲ್ಲಿಯೇ ಬಡ ಮಕ್ಕಳಿಗೆ ಕಲಿಸಿದ್ದು ನಮ್ಮ ಕಣ್ಣೆದುರಿಗಿದೆ.

1967ರಲ್ಲಿ ಸ್ಥಾಪಿತವಾದ ಇ.ಸಿ.ಐ.ಎಲ್. ಕಾರ್ಖಾನೆಯು ಟಿ.ಡಿ.ಸಿ.-12 ಎಂಬ ದೇಶೀಯ ಕಂಪ್ಯೂಟರನ್ನು ತಯಾರಿಸಿದ ಊರು ನಮ್ಮ ಹೈದರಾಬಾದು. ಇಲ್ಲಿನ ಕನ್ನಡ ಸಂಘಗಳು ಭಾನುವಾರ ಒಂದು ಕೋಣೆಯನ್ನು ಬಿಟ್ಟುಕೊಟ್ಟು, ಪೇಟೆಯ ದುರಸ್ತಿಗಾರನೊಬ್ಬನಿಗೆ ಗೌರವಧನವಿತ್ತು ಕರೆತಂದರೆ ಸಾಕು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮಾಲೀಕ ಮಿತ್ರರು ಹುಡುಗರಿಗೆ ಎರಡು ಗಂಟೆಯ ಬಿಡುವು ಕೊಡಬೇಕು, ಅದಕ್ಕಾಗಿ ಸಂಬಳ ಮುರಿಯಬಾರದು. ಗುಮಾಸ್ತ ವಾಚಕರು ತಮ್ಮ ಕಚೇರಿಯ ಮೂಲೆಯ ಯಂತ್ರಗಳನ್ನು ಮೇಲಧಿಕಾರಿಗಳ ಒಪ್ಪಿಗೆ ಪಡೆದು ಕೊಡಿಸಲಿ. ಕೊಡುವ ಮುನ್ನ ಅದರೊಳಗಿನ ಲೆಕ್ಕಪತ್ರಗಳನ್ನು ಪೂರ್ತಿ ಅಳಿಸಲು ಮರೆಯದಿರಲಿ.