ಕುದುರೆಯ ಬೆನ್ನ ಮೇಲಿನ ಅಡಿಗೆಮನೆ

ಅಡಿಗೆಮನೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಒಲೆಕಟ್ಟೆ, ಡಬ್ಬಿಗಳ ಸಾಲು ಬರುತ್ತದೆ, ಅಲ್ಲವೇ ಅಕ್ಕಂದಿರೇ? ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಲೆಮಾರಿ ಕುರಿಗಾಹಿ ಹೆಂಗಸಿಗೆ ಮೂರು ಕಲ್ಲೇ ಒಲೆ, ಕುದುರೆಯ ಬೆನ್ನೇ ಕಪಾಟು. ಮಳೆಗಾಲ ಕಳೆದ ಮೇಲೆ ಸಂಸಾರ ಹೇರಿಕೊಂಡು ಮಂದೆಯ ಹಿಂದೆ ಹೊರಟರೆ, ಊರು ಸೇರುವುದು ಮತ್ತೆ ಮಳೆ ಹಿಡಿದಾಗಲೇ.

2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ‘ಮನೆಯಲ್ಲೇ ಇರಿ’ ಎಂದರು. ಈಕೆಯ ಮನೆ ಯಾವುದ್ರೀ? ಕುರಿಗಳಿಗೆ ದಿನವೂ ಮೇವು ಬೇಕು; ಒಂದೇ ಕಡೆ ನಿಲ್ಲುವಂತಿಲ್ಲ. ಎಷ್ಟೋ ಊರಿನವರು ರೋಗದ ಅಂಜಿಕೆಯಿಂದ ಹಾದಿಗೆ ಮುಳ್ಳು ಹಚ್ಚಿದ್ದರು. ಸಂತೆ ನಿಂತಿತ್ತು. ಕುರಿ ಮಾರಿ ರೊಕ್ಕ ಮಾಡುವಂತಿಲ್ಲ, ಉಪ್ಪು-ಎಣ್ಣೆ ತರುವಂತಿಲ್ಲ. ಚೀಲದಲ್ಲಿ ಜೋಳದ ಹಿಟ್ಟು ತಳ ಕಂಡರೆ ಆ ತಾಯಿ ಏನು ಮಾಡ್ಯಾಳು?

ಹೊಲದಲ್ಲಿ ಕುರಿ ತರುಬಿದರೆ ಒಳ್ಳೆಯ ಗೊಬ್ಬರ. ಅದಕ್ಕಾಗಿ ರೈತರು ಕಾಳೋ ರೊಕ್ಕವೋ ಕೊಡುವ ವಾಡಿಕೆ ಹಿಂದಿನಿಂದಲೂ ಉಂಟು. ನಮ್ಮ ರೊಟ್ಟಿಯಲ್ಲಿ ಆಕೆಯ ದುಡಿಮೆಯೂ ಇದೆ.

ಆ ದಿನಗಳು ಕಳೆದವು, ನಿಜ. ಆದರೂ ನಿಮ್ಮ ಹೊಲದಂಚಿನಲ್ಲಿ ಡೇರೆ ಕಂಡರೆ ಒಂದು ಕೊಡ ನೀರು, ಒಂದಿಷ್ಟು ಉಪ್ಪು-ಖಾರ ಒಯ್ದು, ‘ಹೆಂಗದಿ ಯವ್ವಾ?’ ಎಂದು ಕೇಳಿ ಬನ್ನಿರಿ.