ಡಯಾಲಿಸಿಸ್‌ನಿಂದ ಕ್ಯಾನ್ಸರ್ ಬರುವುದೇ? ತಪ್ಪು ಕಲ್ಪನೆ ಮತ್ತು ಸತ್ಯ

ಡಯಾಲಿಸಿಸ್ ಹಿಡಿದವರಿಗೆ ಕೊನೆಗೆ ಕ್ಯಾನ್ಸರ್ ಬಂದೇ ಬರುತ್ತದೆ, ಅದಕ್ಕಿಂತ ಬೇರುನಾರಿನ ಔಷಧವೇ ಲೇಸು ಎಂಬ ನಂಬಿಕೆ ಬಳ್ಳಾರಿಯ ಗಾಂಧಿನಗರಕ್ಕಾಗಲಿ ಸಿರುಗುಪ್ಪ, ಕುರುಗೋಡುಗಳಿಗಾಗಲಿ ಸೀಮಿತವಾದುದಲ್ಲ. ಈ ನಂಬಿಕೆಯ ಪೂರ್ವಾರ್ಧ ಉತ್ಪ್ರೇಕ್ಷೆ, ಉತ್ತರಾರ್ಧ ಅಪಾಯಕಾರಿ.

ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ 8 ಲಕ್ಷಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆಗಳನ್ನು ಆಧರಿಸಿ 1999ರಲ್ಲಿ ಪ್ರಕಟವಾದ ಅಧ್ಯಯನವು, ಅವರಲ್ಲಿ ಕ್ಯಾನ್ಸರ್ ಪ್ರಮಾಣ ಸಾಮಾನ್ಯ ಜನರಿಗಿಂತ ಶೇ. 18ರಷ್ಟು ಮಾತ್ರ ಹೆಚ್ಚಿದ್ದುದನ್ನೂ, ಆ ಹೆಚ್ಚಳ ಮುಖ್ಯವಾಗಿ ಮೂತ್ರಪಿಂಡ, ಮೂತ್ರಕೋಶ ಮತ್ತು ಥೈರಾಯ್ಡ್‌ಗಳಲ್ಲಿ ಕಂಡುದನ್ನೂ ತೋರಿಸಿತು. ಕೆಲಸ ನಿಲ್ಲಿಸಿದ ಮೂತ್ರಪಿಂಡದಲ್ಲಿ ವರ್ಷಗಳುರುಳಿದಂತೆ ನೀರುಗುಳ್ಳೆಗಳು ಮೂಡುತ್ತವೆ. ಅವು ಡಯಾಲಿಸಿಸ್‌ಗೆ ಮೊದಲೇ ಕಾಣಿಸಿಕೊಳ್ಳಬಹುದು, ಕೆಲವರಲ್ಲಿ ಗಡ್ಡೆಗೆ ದಾರಿಯಾಗಬಹುದು. ಹಾಗಾಗಿ ರಕ್ತ ಸೋಸುವ ಯಂತ್ರವನ್ನು ದೂರುವುದು ಸಲ್ಲದು.

ಕಿಡ್ನಿ ಕಸಿಯಾದರೆ ಈ ಭಯವೇ ಇಲ್ಲ ಎಂಬುದೂ ಸರಿಯಲ್ಲ. ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ನೀಡುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಚರ್ಮದ ಹಾಗೂ ದುಗ್ಧಗ್ರಂಥಿಗಳ ಕ್ಯಾನ್ಸರ್ ಹೆಚ್ಚುತ್ತದೆ. ಆದರೂ ಮಾತ್ರೆ ಬಿಟ್ಟರೆ ಕಸಿಯಾದ ಕಿಡ್ನಿಯೇ ಕೈತಪ್ಪೀತು.

ಸಂಬಂಧ ಹಿಮ್ಮುಖವಾಗಿಯೂ ಉಂಟು. ಬೆಳೆದ ಗರ್ಭಕಂಠದ ಕ್ಯಾನ್ಸರ್, ಮೂತ್ರಪಿಂಡದಿಂದ ಮೂತ್ರಕೋಶಕ್ಕಿಳಿಯುವ ನಾಳಗಳನ್ನು ಅದುಮಿದಾಗ ಎರಡೂ ಕಿಡ್ನಿಗಳು ಸೋಲಬಹುದು. ಅಸ್ಥಿಮಜ್ಜೆಯ ಕ್ಯಾನ್ಸರಾದ ಮೈಲೋಮಾದಲ್ಲಿ ವಿಪರೀತವಾಗಿ ಉತ್ಪತ್ತಿಯಾಗುವ ಪ್ರೋಟೀನು, ಹಾಗೆಯೇ ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧ, ಮೂತ್ರಪಿಂಡವನ್ನು ಹಾಳುಮಾಡಬಲ್ಲವು.

ಬೇರುನಾರಿನ ಮಾತಿಗೆ ಬಂದರೆ ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯನ್ನೇ ಗಮನಿಸಬೇಕು. ಅದರ ಕುಲದ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನೂ ಕೆಡಿಸುತ್ತದೆ, ಮೂತ್ರನಾಳದ ಒಳಪದರದಲ್ಲಿ ಕ್ಯಾನ್ಸರನ್ನೂ ಹುಟ್ಟಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಇದೇ ಆಮ್ಲವಿದ್ದ ಸಸ್ಯಜನ್ಯ ಮಾತ್ರೆ ನುಂಗಿದ ಅನೇಕ ಮಹಿಳೆಯರ ಕಿಡ್ನಿ ವಿಫಲವಾಯಿತು. ಮುನ್ನೆಚ್ಚರಿಕೆಯಾಗಿ ಮೂತ್ರಪಿಂಡ ಹಾಗೂ ಮೂತ್ರನಾಳಗಳನ್ನು ತೆಗೆಸಿಕೊಂಡ 39 ಮಂದಿಯ ಪೈಕಿ 18 ಮಂದಿಯಲ್ಲಿ ಕ್ಯಾನ್ಸರ್ ಪತ್ತೆಯಾದುದನ್ನು 2000ದಲ್ಲಿ ಪ್ರಕಟವಾದ ವರದಿ ದಾಖಲಿಸಿದೆ. ಸಸ್ಯವಾದ್ದರಿಂದ ಅಡ್ಡಪರಿಣಾಮವಿಲ್ಲ ಎನ್ನುವವರು ಈ ಲೆಕ್ಕವನ್ನು ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಆಮ್ಲವನ್ನು ತಂಬಾಕಿನ ಜೊತೆಗೆ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿನಲ್ಲಿ, ಇರಿಸಿದೆ.

ಕಿಡ್ನಿ ರೋಗಿಗಳು ತಾವು ಸೇವಿಸಿದ ನಾಟಿ ಔಷಧವನ್ನು ವೈದ್ಯರಿಂದ ಮುಚ್ಚಿಡಬಾರದು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತಡಮಾಡದೆ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳಬೇಕು.