‘ಗೆಸ್’ ಶಬ್ದದ ಅರ್ಥವೂ ಮೂಲವೂ

ಆಂಗ್ಲ ಭಾಷೆಯಲ್ಲಿ ಊಹೆಯನ್ನು ಸೂಚಿಸುವ ಶಬ್ದಗಳು ಹಲವಿವೆ. ಅವುಗಳಲ್ಲಿ ‘ಕಂಜೆಕ್ಚರ್’ ಎಂಬುದು ಲ್ಯಾಟಿನ್ನಿನಿಂದಲೂ ‘ಹೈಪಾಥೆಸಿಸ್’ ಎಂಬುದು ಗ್ರೀಕಿನಿಂದಲೂ ಬಂದವು. ಇವೆರಡೂ ವಿದ್ವದ್ಗೋಷ್ಠಿಯ ಮಾತುಗಳು. ಮನೆಯಲ್ಲಿಯೂ ಬೀದಿಯಲ್ಲಿಯೂ ಸಕಲರ ಬಾಯಲ್ಲಿಯೂ ನಡೆಯುವ ಮಾತು ‘ಗೆಸ್’. ಅತಿಪರಿಚಯದಿಂದ ಈ ಶಬ್ದಕ್ಕೆ ಲಘುತ್ವವೊದಗಿದೆ. ಆಧಾರವಿಲ್ಲದೆ ಬಾಯಿಗೆ ಬಂದುದನ್ನು ಆಡಿಬಿಡುವುದೇ ‘ಗೆಸ್’ ಎಂದು ಹಲವರು ಭಾವಿಸುತ್ತಾರೆ. ಶಬ್ದದ ಚರಿತ್ರೆಯನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲಲಾರದು.

ಪ್ರಾಚೀನ ಆಂಗ್ಲ ಗ್ರಂಥಗಳಲ್ಲಿ ಈ ಶಬ್ದವು ದೊರೆಯುವುದಿಲ್ಲ. ಸುಮಾರು ಕ್ರಿ. ಶ. 1300ರಿಂದೀಚೆಗೆ ಅದು ‘ಗೆಸ್ಸೆನ್’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಈಗಿನ ಬರವಣಿಗೆಯಲ್ಲಿ ಗಕಾರದ ಮುಂದೆ ‘ಯು’ ಅಕ್ಷರವಿರುವುದನ್ನು ಕಂಡವರು, ‘ಗೈಡ್’, ‘ಗಾರ್ಡ್’ ಮೊದಲಾದವುಗಳಂತೆ ಇದೂ ಫ್ರೆಂಚಿನಿಂದ ಬಂದಿತೆಂದು ತಿಳಿಯುವುದು ಸಹಜ. ಆದರೆ ಹಳೆಯ ಬರಹಗಳಲ್ಲಿ ಆ ಅಕ್ಷರವಿಲ್ಲ. ಅದು ಹದಿನಾರನೆಯ ಶತಮಾನದ ಸುಮಾರಿಗೆ ರೂಢಿಗೆ ಬಂದದ್ದು. ಅತಿಥಿ ಎಂಬರ್ಥದ ‘ಗೆಸ್ಟ್’ ಶಬ್ದದಲ್ಲಿಯೂ ಹೀಗೆಯೇ ಆಗಿದೆ. ಬರವಣಿಗೆಯ ರೂಪವನ್ನೇ ನಂಬಿ ಮೂಲವನ್ನು ನಿರ್ಣಯಿಸಹೊರಟರೆ ಇಂತಹ ಪ್ರಮಾದಗಳುಂಟಾಗುತ್ತವೆ.

ಹಾಗಾದರೆ ಈ ಶಬ್ದದ ಬಂಧುಗಳೆಲ್ಲಿ? ಡಚ್ ಭಾಷೆಯಲ್ಲಿ ‘ಗಿಸ್ಸೆನ್’, ಸ್ವೀಡಿಷಿನಲ್ಲಿ ‘ಗಿಸ್ಸ’, ಡೇನಿಷಿನಲ್ಲಿ ‘ಗಿಸ್ಸೆ’ ಎಂಬ ರೂಪಗಳು ಇದೇ ಅರ್ಥದಲ್ಲಿ ಬಳಕೆಯಲ್ಲಿವೆ. ಆದುದರಿಂದ ಉತ್ತರ ಸಮುದ್ರದ ಆಚೆಯ ದಡದ ಜನರಿಂದ ಇದು ಇಂಗ್ಲೆಂಡಿಗೆ ಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ. ಇವೆಲ್ಲಕ್ಕೂ ಸಂಬಂಧಪಟ್ಟುದು ಪ್ರಾಚೀನ ನಾರ್ಸ್ ಭಾಷೆಯ ‘ಗೆತ’ ಎಂಬ ಧಾತು. ಅದಕ್ಕೆ ‘ಪಡೆ’ ಎಂದೂ ‘ಊಹಿಸು’ ಎಂದೂ ಎರಡರ್ಥಗಳಿದ್ದವು. ಅದೇ ಭಾಷೆಯಲ್ಲಿ ಒಗಟಿಗೆ ‘ಗಾತ’ ಎಂಬ ಹೆಸರು ಬಂದುದೂ ಈ ಧಾತುವಿನಿಂದಲೇ. ಪಡೆಯುವುದು ಎಂಬರ್ಥದ ಇಂಗ್ಲಿಷಿನ ‘ಗೆಟ್’ ಈ ‘ಗೆತ’ದಿಂದ ಬಂದುದು. ಮರೆಯುವುದು ಎಂಬರ್ಥದ ‘ಫರ್ಗೆಟ್’ ಶಬ್ದದಲ್ಲಿಯೂ ಅದರ ಕುಲದ ಧಾತುವೇ ಇದೆ. ಹಿಡಿದುದು ಕೈಬಿಟ್ಟುಹೋಗುವುದೇ ಮರವೆ. ಹೀಗೆ ನೋಡಿದರೆ ‘ಗೆಸ್’ ಎಂದರೆ ಇನ್ನೂ ಕೈಗೆ ಸಿಕ್ಕದುದನ್ನು ಪಡೆಯಲು ಬುದ್ಧಿಯು ಮಾಡುವ ಯತ್ನ.

ಈ ಸಂಬಂಧವು ಇನ್ನೂ ದೂರ ಹೋಗುತ್ತದೆ. ಲ್ಯಾಟಿನ್ನಿನಲ್ಲಿ ‘ಹಿಡಿ’ ಎಂಬರ್ಥದ ‘ಪ್ರೆಹೆಂಡೆರೆ’ ಎಂಬ ಕ್ರಿಯೆಯಿದೆ. ಅದರಿಂದಲೇ ‘ಸಂಪೂರ್ಣವಾಗಿ ಅರ್ಥಮಾಡಿಕೊ’ ಎಂಬರ್ಥದ ‘ಕಾಂಪ್ರಿಹೆಂಡ್’ ಹುಟ್ಟಿತು. ಜರ್ಮಾನಿಕ್ ‘ಗೆತ’ವೂ ಲ್ಯಾಟಿನ್ನಿನ ‘ಹೆಂಡ್’ ಎಂಬ ಅಂಶವೂ ಒಂದೇ ಮೂಲದವು. ಮೂಲ ಧಾತುವಿನ ಘಕಾರವು ಜರ್ಮಾನಿಕ್ ಭಾಷೆಗಳಲ್ಲಿ ಗಕಾರವಾಗಿಯೂ, ದಕಾರವು ತಕಾರವಾಗಿಯೂ ಪರಿಣಮಿಸಿದವು. ಲ್ಯಾಟಿನ್ನಿನಲ್ಲಿ ಘಕಾರಕ್ಕೆ ಹಕಾರವು ಬಂದಿತು. 1822ರಲ್ಲಿ ಯಾಕೋಬ್ ಗ್ರಿಮ್ಮನು ನಿರೂಪಿಸಿದ ವರ್ಣವ್ಯತ್ಯಯದ ನಿಯಮಕ್ಕೆ ಜರ್ಮಾನಿಕ್ ರೂಪವು ಸರಿಹೊಂದುತ್ತದೆ. ಆದುದರಿಂದ ಊಹಿಸುವುದೂ ಅರಿಯುವುದೂ ಒಂದೇ ಧಾತುವಿನ ಎರಡು ಕೊಂಬೆಗಳು. ಸಂಸ್ಕೃತದ ‘ಗ್ರಹ್’ ಧಾತುವಿಗೂ ಹಿಡಿಯುವುದು, ತಿಳಿಯುವುದು ಎಂಬ ಎರಡರ್ಥಗಳುಂಟು. ಆದರೆ ಅದು ಬೇರೊಂದು ಧಾತು. ಇಲ್ಲಿರುವುದು ಭಾವದ ಸಾಮ್ಯವೇ ಹೊರತು ವಂಶದ ಸಂಬಂಧವಲ್ಲ.

ಪ್ರಯೋಗದ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ‘ನನಗೆ ತೋರುತ್ತದೆ’ ಎಂಬರ್ಥದಲ್ಲಿ ಅಮೆರಿಕದವರು ‘ಐ ಗೆಸ್’ ಎನ್ನುವುದನ್ನು ಕೇಳಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರು ನಗುತ್ತಿದ್ದರು. ಆದರೆ 1400ರಲ್ಲಿ ಮೃತನಾದ ಚಾಸರ್ ಕವಿಯು ‘ಕ್ಯಾಂಟರ್ಬರಿ ಕಥೆಗಳ’ ಪೀಠಿಕೆಯಲ್ಲಿ ತರುಣ ಯೋಧನೊಬ್ಬನ ವಯಸ್ಸು ಇಪ್ಪತ್ತಿರಬಹುದೆಂದು ಹೇಳುವಾಗ ಇದೇ ಪ್ರಯೋಗವನ್ನು ಮಾಡಿದ್ದಾನೆ. ನಗೆಗೀಡಾದ ಮಾತು ನಕ್ಕವರ ಪೂರ್ವಿಕರದೇ ಆಗಿತ್ತು.

ಕನ್ನಡದಲ್ಲಿ ಈ ಶಬ್ದಕ್ಕೆ ಪರ್ಯಾಯವನ್ನು ಹುಡುಕುವವರು ಎಚ್ಚರದಿಂದಿರಬೇಕು. ‘ಅನುಮಾನ’ವೆಂಬುದು ನ್ಯಾಯಶಾಸ್ತ್ರದಲ್ಲಿ ಒಂದು ಪ್ರಮಾಣ, ಹೊಗೆಯಿಂದ ಬೆಂಕಿಯನ್ನು ನಿಶ್ಚಯಿಸುವ ಜ್ಞಾನಸಾಧನ. ಜನರ ಮಾತಿನಲ್ಲಾದರೋ ಅದಕ್ಕೆ ಸಂಶಯವೆಂದರ್ಥ. ‘ಗೆಸ್’ ಎಂಬುದು ಮೊದಲನೆಯದರಷ್ಟು ದೃಢವೂ ಅಲ್ಲ, ಎರಡನೆಯದರಂತೆ ಅಪನಂಬಿಕೆಯೂ ಅಲ್ಲ. ಪಾರಸಿಯಿಂದ ಬಂದ ‘ಅಂದಾಜು’ ಲೆಕ್ಕ ಅಳತೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಮಿಕ್ಕೆಡೆಗಳಲ್ಲಿ ‘ಊಹೆ’ಯೇ ಯೋಗ್ಯವಾದುದು. ಗೌತಮನ ನ್ಯಾಯಸೂತ್ರಗಳಲ್ಲಿ, ತತ್ತ್ವವು ತಿಳಿಯದಿರುವ ವಸ್ತುವಿನ ವಿಷಯದಲ್ಲಿ ಅದನ್ನು ತಿಳಿಯುವುದಕ್ಕಾಗಿ ಯುಕ್ತಿಪೂರ್ವಕವಾಗಿ ಮಾಡುವ ಊಹವನ್ನೇ ತರ್ಕವೆಂದು ಹೇಳಿದೆ. ಅಂತಹ ತರ್ಕವು ತಾನೇ ಪ್ರಮಾಣವಲ್ಲ, ಪ್ರಮಾಣಕ್ಕೆ ಸಹಾಯಕ ಎಂಬುದು ನೈಯಾಯಿಕರ ಮತ.

‘ಗೆಸ್’ ಶಬ್ದದ ಚರಿತ್ರೆಯೂ ಇದನ್ನೇ ತೋರಿಸಿಕೊಡುತ್ತದೆ. ಅದರ ಮೂಲವನ್ನು ಪಂಡಿತರು ಕಂಡುಕೊಂಡುದೂ ಊಹೆಯಿಂದಲೇ. ಆದರೆ ಆ ಊಹೆಯನ್ನು ಅವರು ಸೋದರ ಭಾಷೆಗಳ ರೂಪಗಳೊಡನೆಯೂ ವರ್ಣನಿಯಮಗಳೊಡನೆಯೂ ಒರೆಗೆ ಹಚ್ಚಿ ನೋಡಿದರು. ಕೈ ಚಾಚುವುದು ಊಹೆ. ವಸ್ತುವು ಕೈಗೆ ಬಂದಿತೇ ಇಲ್ಲವೇ ಎಂಬುದನ್ನು ಪರೀಕ್ಷೆಯು ಹೇಳಬೇಕು. ಕೈ ಚಾಚದವನಿಗೆ ಯಾವುದೂ ದೊರೆಯದು; ಚಾಚಿದ ಮಾತ್ರಕ್ಕೇ ದೊರೆಯಿತೆನ್ನುವುದೂ ಸಲ್ಲದು.